ನಮ್ಮ ಇರುವೆಗೆ ಓದಲು ಬರುವುದಿಲ್ಲವೆಂದು ಬರೆದವರಿಗೆ

ಮಾನ್ಯ ಮನೆಪಾಠ ಪರಿಶೀಲನಾಧಿಕಾರಿಗಳೇ, ದಯವಿಟ್ಟು ಕುಳಿತುಕೊಂಡೇ ಓದಿ.

ಕಳೆದ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ಒಂದು ಗಂಟೆ ಹತ್ತು ನಿಮಿಷ ಕುಳಿತಿರಿ, ಎರಡು ಲೋಟ ನೀರು ಕುಡಿದಿರಿ, ಆರು ವರ್ಷದ ನನ್ನ ತಂಗಿಯ ಬಗ್ಗೆ ದುಂಡಗಿನ ಅಕ್ಷರಗಳಲ್ಲಿ ಮೂರು ಸಾಲು ಬರೆದಿರಿ. "ಮಗುವಿಗೆ ಓದಲು ಬರುವುದಿಲ್ಲ. ಪುಸ್ತಕ ಹಿಡಿಯುವ ಕ್ರಮವೂ ತಿಳಿದಿಲ್ಲ. ಶಾಲೆಗೆ ಸೇರಿಸತಕ್ಕದ್ದು." ಇವುಗಳಲ್ಲಿ ಮೊದಲನೆಯದು ಪೂರ್ತಿ ತಪ್ಪು, ಎರಡನೆಯದು ಅರ್ಧ ತಪ್ಪು, ಮೂರನೆಯದು ಪಾಪ, ಮೊದಲೆರಡರ ಸಹವಾಸದಿಂದ ಕೆಟ್ಟದ್ದು. ಹೊರಡುವ ಮುನ್ನ, ಶೂ ಹಾಕಿಕೊಳ್ಳುತ್ತಾ, ಕಡತವನ್ನು ಮೊಣಕಾಲಿನ ಮೇಲಿಟ್ಟುಕೊಂಡು ತಾವು ನಾಲ್ಕನೆಯ ಸಾಲೊಂದನ್ನೂ ಸೇರಿಸಿದಿರಿ. ಅದು ನನ್ನ ಕುರಿತಾದದ್ದು. ಅದರ ವಿಚಾರ ಕೊನೆಗೆ.

ಆ ವರದಿಯ ಮೇಲೆ ನಿಮ್ಮ ಕಚೇರಿಯಿಂದ ಆದೇಶ ಬಂದಿದೆ. ಮೂವತ್ತು ದಿನಗಳ ಒಳಗೆ ನನ್ನ ತಂಗಿಯನ್ನು ಎರಡು ಬೀದಿ ಆಚೆಯ ಶಾಲೆಯಲ್ಲಿ, ನಾಲ್ಕು ವರ್ಷದ ಮಕ್ಕಳ ತರಗತಿಗೆ, ಸೇರಿಸಬೇಕಂತೆ. ಹತ್ತೊಂಬತ್ತು ದಿನ ಕಳೆದಿವೆ. ಶಾಲೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅದರ ಗೋಡೆಯ ಮೇಲೆ ಒಳ್ಳೆಯ ಜಿರಾಫೆ ಇದೆ. ಆದರೆ ನಿಮ್ಮ ವರದಿ ಆದೇಶಕ್ಕಿಂತ ದೊಡ್ಡದಾದ ಒಂದು ಅನಾಹುತ ಮಾಡಿದೆ. ಅದು ನಿಮ್ಮ ಕಡತದಲ್ಲಿ ಇಲ್ಲ, ನಮ್ಮ ಮೇಜಿನ ಕೆಳಗೆ ಕುಳಿತಿದೆ. ಅದನ್ನು ತಮಗೆ ತಿಳಿಸಬೇಕಾದರೆ ನಮ್ಮ ಮನೆಯ ವಿದ್ಯಾಭ್ಯಾಸದ ಇತಿಹಾಸವನ್ನು ಸ್ವಲ್ಪ ಹೇಳಲೇಬೇಕು. ಸಹಿಸಿಕೊಳ್ಳಿ.

ನಮ್ಮಮ್ಮ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ನಮ್ಮ ಪಾಠಶಾಲೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಮನೆಯಲ್ಲಿ ಮಕ್ಕಳು ಮೂವರು. ಹದಿಮೂರು ವರ್ಷದ ನಾನು. ಒಂಬತ್ತು ವರ್ಷದ ತಮ್ಮ. ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ ಆದ್ದರಿಂದ ಅವನಿಗೆ ಪ್ರೊಫೆಸರ್ ಎಂದು ಹೆಸರು. ಕೊನೆಯವಳು ಇರುವೆ. ನೆಲಕ್ಕೆ ಬಿದ್ದದ್ದೆಲ್ಲವನ್ನೂ, ಗುಂಡಿ, ದಾರದ ತುಂಡು, ಅಪ್ಪನ ನಟ್ಟು, ಎತ್ತಿಕೊಂಡು ಸದ್ದಿಲ್ಲದೆ ಎಲ್ಲಿಗೋ ಸಾಗಿಸುವುದು ಅವಳ ವೃತ್ತಿ.

ಮೂರೂವರೆ ವರ್ಷದ ಹಿಂದೆ ಪ್ರೊಫೆಸರ್‌ನನ್ನು ಒಂದನೆಯ ತರಗತಿಗೆ ಸೇರಿಸಿದ್ದರು. ನಾಲ್ಕು ತಿಂಗಳ ನಂತರ ಅವನ ಟೀಚರ್ ಅಮ್ಮನನ್ನು ಕರೆಸಿ, ಬಹಳ ಮೃದುವಾಗಿ, "ನಿಮ್ಮ ಹುಡುಗನಿಗೆ ಮಾತು ಬರುತ್ತಾ?" ಎಂದು ಕೇಳಿದರು. ಅಮ್ಮ ದಂಗಾದಳು. ಮನೆಯಲ್ಲಿ ಅವನ ಬಾಯಿಗೆ ಹೆದರಿ ಅಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು ಊಟಕ್ಕೆ ಕೂರುತ್ತಿದ್ದರು. ಶಾಲೆಯಲ್ಲಿ ಆತ ನಾಲ್ಕು ತಿಂಗಳು ಒಂದು ಅಕ್ಷರ ಆಡಿರಲಿಲ್ಲ. ಯಾಕೋ ಎಂದರೆ, "ಅಲ್ಲಿ ನಾನು ಕೇಳೋದಕ್ಕೆ ಮೊದಲೇ ಅವರು ಉತ್ತರ ಹೇಳ್ಬಿಡ್ತಾರೆ" ಎಂದ. ಅಮ್ಮ ಎರಡು ದಿನ ತಪ್ಪು ತಪ್ಪಾಗಿ ಹೊಲಿದಳು. ಮೂರನೆಯ ದಿನ, "ಒಂದು ವರ್ಷ ಮನೇಲೇ ಕಲಿಸಿ ನೋಡೋಣ" ಅಂದಳು. ಹಾಗಾದರೆ ನಾನೂ ಬಿಡುತ್ತೇನೆ, ತಮ್ಮನಿಗೊಂದು ನ್ಯಾಯ ನನಗೊಂದು ನ್ಯಾಯವೇ ಎಂದು ನಾನು ಉಪವಾಸ ಕುಳಿತೆ. ಉಪವಾಸ ಸಂಜೆ ನಾಲ್ಕರವರೆಗೆ ನಡೆದು ಜಯ ಗಳಿಸಿತು.

ಮಾನ್ಯರೇ, ತಾವು ನಮ್ಮ ಮೊದಲ ತಿಂಗಳು ಬರಬೇಕಿತ್ತು. ಕಣ್ತುಂಬಿ ಬರುತ್ತಿತ್ತು. ಮನೆಯಲ್ಲಿ ಕಲಿಸುವುದು ಹೇಗೆಂದು ತಿಳಿಯದ ನನ್ನ ತಾಯ್ತಂದೆಯರು ಶಾಲೆಗಿಂತ ಹೆಚ್ಚು ಶಾಲೆಯಾದ ಒಂದು ಶಾಲೆ ತೆರೆದರು. ಅಪ್ಪ ಹಳೆಯ ಲಿಫ್ಟೊಂದರ ಅಪಾಯದ ಗಂಟೆಯನ್ನು ಗೋಡೆಗೆ ಹಾಕಿದರು. ಅದನ್ನು ಬಾರಿಸಿದರೆ ಕೆಳಗಿನ ಮನೆಯವರು ಮೆಟ್ಟಿಲಿಳಿದು ಬೀದಿಗೆ ಓಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯ ಮುಂದೆ ಎತ್ತರದ ಪ್ರಕಾರ ಸಾಲು. ಮೂರು ಜನರ ಸಾಲು, ಅದರಲ್ಲಿ ಒಬ್ಬಳಿಗೆ ಎರಡೂವರೆ ವರ್ಷ. ಆಮೇಲೆ ಹಾಜರಿ. ಒಂದೇ ಕೋಣೆಯಲ್ಲಿ ಮೂಗಿಗೆ ಮೂಗು ತಾಗುವಂತೆ ನಿಂತ ನಮ್ಮನ್ನು ಅಮ್ಮ ಹೆಸರು ಹಿಡಿದು ಕೂಗುವುದು, ನಾವು "ಹಾಜರ್ ಮೇಡಂ" ಎನ್ನುವುದು.

ಮೇಡಂ ಎಂದೇ ಕರೆಯಬೇಕೆಂಬ ನಿಯಮವನ್ನು ನಾನು ಅಕ್ಷರಶಃ ಪಾಲಿಸಿದೆ. ಎರಡನೆಯ ವಾರ ರಜೆ ಅರ್ಜಿ ಬರೆದೆ: "ಮಾನ್ಯ ಮೇಡಂ, ನನ್ನ ತಾಯಿಗೆ ವಿಪರೀತ ತಲೆನೋವಿದ್ದು, ಆಕೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲದ ಕಾರಣ ನನಗೆ ಒಂದು ದಿನದ ರಜೆ ನೀಡಬೇಕಾಗಿ ಪ್ರಾರ್ಥನೆ." ಅಮ್ಮ ಓದಿದಳು, ಹಣೆ ಒತ್ತಿಕೊಂಡಳು, "ಮಂಜೂರು" ಎಂದು ಬರೆದು ಹೋಗಿ ಮಲಗಿಬಿಟ್ಟಳು. ತಿಂಗಳ ಕೊನೆಗೆ ಪೋಷಕರ ಸಭೆಯೂ ನಡೆಯಿತು. ಅಪ್ಪ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತರು. "ನಿಮ್ಮ ದೊಡ್ಡ ಮಗಳು ತರಗತಿಯಲ್ಲಿ ತುಂಬಾ ಚೇಷ್ಟೆ" ಎಂದು ಅಮ್ಮ ದೂರಿದರೆ, ಅಪ್ಪ ದೀರ್ಘವಾಗಿ ಉಸಿರುಬಿಟ್ಟು, "ಏನ್ ಮಾಡ್ಲಿ ಮೇಡಂ, ಮನೇಲಿ ಅವಳ ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ" ಎಂದರು. ಆ ಸಂಜೆ ಅಡುಗೆ ಅಪ್ಪನೇ ಮಾಡಿದರು. ಮಾರನೆಯ ದಿನ ಗಂಟೆ ಬಾರಿಸಲಿಲ್ಲ, ಸಾಲೂ ನಿಲ್ಲಲಿಲ್ಲ, ಅಮ್ಮ ಮತ್ತೆ ಅಮ್ಮನಾದಳು.

ನಿಜವಾದ ಪಾಠ ಶುರುವಾದದ್ದು ಆಗ. ಅಮ್ಮ ಹೊಲಿಯುತ್ತಲೇ ಕಲಿಸಿದಳು. ಟೇಪಿನಲ್ಲಿ ಅಳೆಯುವುದು, ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ವೃತ್ತದ ಕಾಲುಭಾಗ ಎಳೆಯುವುದು. ಅಪ್ಪ ರಜೆಯ ದಿನ ಲಿಫ್ಟ್ ಲೆಕ್ಕ ಹೇಳಿಕೊಟ್ಟರು. ತಾವೇ ಪ್ರೊಫೆಸರ್‌ನನ್ನು ಕೇಳಿದಿರಿ, "ಮೂರರಲ್ಲಿ ಐದು ಕಳೆದರೆ?" ಅವನು ತಕ್ಷಣ, "ನೆಲಮಹಡಿಯಿಂದ ಎರಡು ಕೆಳಗೆ, ಕಾರು ನಿಲ್ಲಿಸೋ ಜಾಗ" ಎಂದ. ತಾವು ಪೆನ್ನು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಆಮೇಲೆ ನಕ್ಕು, "ಸರಿ" ಎಂದು ಬರೆದಿರಿ. ಆ ನಗು ನನಗೆ ಇಷ್ಟವಾಯಿತು. ಅದಕ್ಕೇ ಈ ಪತ್ರ ತಮಗೆ, ತಮ್ಮ ಮೇಲಧಿಕಾರಿಗಳಿಗೆ ಅಲ್ಲ.

ಅಮ್ಮ ಇನ್ನೊಂದು ಪಾಠವನ್ನೂ ಕಲಿಸಿದಳು. ಪಾಠದ ಪುಸ್ತಕದಿಂದಲ್ಲ, ಅವಳ ಅಳತೆ ಪುಸ್ತಕದಿಂದ. ಬಂದವರ ಭುಜ, ಸೊಂಟ, ತೋಳು ಎಲ್ಲ ಅದರಲ್ಲಿ ದಾಖಲು. ಗಿರಾಕಿಗಳು ಆಮೇಲೆ "ಒಂಚೂರು ಬಿಗಿ ಮಾಡಿ, ನಾನು ತೆಳ್ಳಗಾಗಿದ್ದೀನಿ" ಎಂದರೆ ಅಮ್ಮ ಕೇಳುವುದಿಲ್ಲ. "ಬಾಯಲ್ಲಿ ಹೇಳಿದ್ದನ್ನ ಕತ್ತರಿ ಕೇಳಲ್ಲ. ಇದರಲ್ಲಿ ಬರೆದಿದ್ದರೆ ಅದೇ ಕೊನೆ" ಎನ್ನುತ್ತಾಳೆ. ಇರುವೆ ಇದನ್ನು ದಿನಕ್ಕೆ ಹತ್ತು ಸಲ ಕೇಳಿಕೊಂಡು ಬೆಳೆದವಳು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಆಸನ ವ್ಯವಸ್ಥೆಗೆ ಬರೋಣ. ಮೇಜಿನ ಕಿಟಕಿಯ ಬದಿಗೆ ಬೆಳಕು ಚೆನ್ನಾಗಿದೆ, ಹೊಲಿಗೆ ಯಂತ್ರವೂ ಅಲ್ಲೇ. ಅಮ್ಮ, ಅವಳ ಪಕ್ಕದಲ್ಲಿ ಪ್ರೊಫೆಸರ್, ಅವರ ಮುಂದೆ ಓದುವ ಪುಸ್ತಕ. ಎದುರು ಬದಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಇರುವೆ. ಸುಮ್ಮನಿರಲಿ ಎಂದು ಅವಳಿಗೆ ಒಂದು ಡಬ್ಬಿ ಗುಂಡಿ ಕೊಟ್ಟು, ಬಣ್ಣ ಬೇರೆಬೇರೆ ಮಾಡು ಎಂದಿದ್ದರು. ಅವಳು ಗುಂಡಿ ಆರಿಸುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು. ಮಾನ್ಯರೇ, ಎರಡು ವರ್ಷ ಯಾರಾದರೂ ಗುಂಡಿ ಆರಿಸುತ್ತಾ ಕೂರುತ್ತಾರೆಯೇ? ಅಪ್ಪ, ಅಮ್ಮ, ನಾನು, ಮೂರು ಬುದ್ಧಿವಂತರು ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಆಮೇಲೆ ಅವಳ ಸರದಿ ಬಂದಾಗಲೂ ಯಾರೂ ಸ್ಟೂಲು ಸರಿಸಲಿಲ್ಲ. ಅಮ್ಮ ಯಂತ್ರ ತುಳಿಯುತ್ತಾ, ಪುಸ್ತಕವನ್ನು ತನ್ನ ಮುಂದಿಟ್ಟುಕೊಂಡು, ಸೂಜಿಯ ತುದಿಯಿಂದ ಪದ ತೋರಿಸುತ್ತಿದ್ದಳು. ಎದುರಿಂದ ಇರುವೆ ಪಟಪಟ ಓದುತ್ತಿದ್ದಳು. ಅಮ್ಮನಿಗೆ ಹಿಗ್ಗು. ಪುಸ್ತಕ ಯಾರ ಕಡೆ ಮುಖ ಮಾಡಿದೆ ಎಂದು ನೋಡಲು ಯಾರಿಗೂ ತೋಚಲಿಲ್ಲ.

ತಮಗೆ ಈಗ ಅರ್ಥವಾಗಿರಬೇಕು. ನನ್ನ ತಂಗಿಗೆ ಓದಲು ಚೆನ್ನಾಗಿಯೇ ಬರುತ್ತದೆ. ತಲೆಕೆಳಗಾಗಿ.

ಒಬ್ಬಳೇ ಕೂತಾಗ ಅವಳು ಪುಸ್ತಕ ತಿರುಗಿಸಿ ಹಿಡಿಯುವುದನ್ನು ಅಪ್ಪ ನೋಡಿದ್ದರು. ನನ್ನಿಂದ ಕಲಿತ ಚೇಷ್ಟೆ ಎಂದುಕೊಂಡು ನನ್ನ ಕಿವಿ ಹಿಂಡಿದ್ದರು. ಸತ್ಯ ತಿಳಿದಿದ್ದವಳು ಮನೆಯಲ್ಲಿ ಒಬ್ಬಳೇ, ಅಂದರೆ ನಾನು. ಒಂದು ವರ್ಷದ ಹಿಂದೆ ಅಪ್ಪ ಮೇಜಿನ ಮೇಲೆ ಕೆಲಸದ ಕಡೆಯಿಂದ ಬಂದ ಕಾಗದವೊಂದನ್ನು ಓದಿಕೊಳ್ಳುತ್ತಿದ್ದಾಗ, ಎದುರು ಕುಳಿತ ಇರುವೆ ಗುಂಡಿಗಳಿಗೆ ಹೇಳುವಂತೆ ಮೆಲ್ಲಗೆ, "ರಜೆ ಕೊಡಲು ಆಗುವುದಿಲ್ಲ" ಎಂದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಆ ದಿನದಿಂದ ಅವಳು ನನ್ನ ಗೂಢಚಾರಿಣಿ. ಅಮ್ಮ ನನಗಾಗಿ ಪರೀಕ್ಷೆಯ ಪ್ರಶ್ನೆ ಬರೆಯುವಾಗ ಇರುವೆ ಎದುರು ಕುಳಿತಿರುತ್ತಿದ್ದಳು. ಕೂಲಿ, ಪ್ರಶ್ನೆಗೊಂದು ಹೊಳೆಯುವ ಗುಂಡಿ. ಕಳೆದ ವರ್ಷ ನನ್ನ ಅಂಕಗಳು ಇದ್ದಕ್ಕಿದ್ದಂತೆ ಏರಿದ್ದರ ಕಾರಣವನ್ನು, ಕಳುಹಿಸುವ ಮುನ್ನ ಈ ಪತ್ರ ಓದುವ ಅಮ್ಮ ಈ ಸಾಲಿನಲ್ಲೇ ಮೊದಲ ಬಾರಿಗೆ ತಿಳಿಯುತ್ತಿದ್ದಾಳೆ. ಅಮ್ಮಾ, ಶಿಕ್ಷೆಗೆಂದು ನಾನಾಗಿಯೇ ಬಾಲ್ಕನಿಗೆ ಬಂದಿದ್ದೇನೆ, ಚಿಲಕ ನೀನೇ ಹಾಕಿಕೋ.

ನಿಮ್ಮ ಭೇಟಿಯ ದಿನಕ್ಕೆ ನನ್ನದೊಂದು ಭಾರೀ ಯೋಜನೆಯಿತ್ತು. ತಾವು ಬಂದು ಕಿಟಕಿಯ ಬದಿಯಲ್ಲಿ ಅಧಿಕಾರಿಗಳಿಗೆ ತಕ್ಕಂತೆ ಕೂರುತ್ತೀರಿ, ಪುಸ್ತಕ ನಿಮ್ಮ ಮುಂದಿರುತ್ತದೆ, ಎದುರಿಂದ ಇರುವೆ ಓದುತ್ತಾಳೆ, ತಾವು ಕುರ್ಚಿಯಿಂದ ಬೀಳುತ್ತೀರಿ. ಆದರೆ ಅದಕ್ಕೆ ಮೊದಲು ಸ್ವಲ್ಪ ಮನರಂಜನೆ ಇರಲಿ ಎಂದು ನಾನು ಆಸೆಪಟ್ಟೆ. ತಾವು ಹೊಸ್ತಿಲು ದಾಟುತ್ತಲೇ ಲಿಫ್ಟಿನ ಗಂಟೆ ಬಾರಿಸಿದೆ. ಭೇಟಿಗಾರರ ಪುಸ್ತಕ ತಂದು, "ಬಂದ ಉದ್ದೇಶ ಬರೆದು ಸಹಿ ಮಾಡಿ ಸರ್" ಎಂದೆ. ತಾವು ಸೌಜನ್ಯದಿಂದ "ಕರ್ತವ್ಯ" ಎಂದು ಬರೆದಿರಿ. ನಿಮ್ಮ ಕಚೇರಿ ಮೊದಲೇ ಕಳುಹಿಸಿದ್ದ ನಮೂನೆಯಲ್ಲಿ "ಗ್ರಂಥಾಲಯ ಇದೆಯೇ?" ಎಂದು ಕೇಳಿದ್ದರು; ಅಪ್ಪ ಪುಸ್ತಕ ಓದುವುದು ಒಂದೇ ಒಂದು ಜಾಗದಲ್ಲಾದ್ದರಿಂದ ಆ ಬಾಗಿಲಿಗೆ ನಾನು ಫಲಕ ಹಾಕಿದ್ದೆ. "ಗ್ರಂಥಾಲಯ ನೋಡಬಹುದಾ?" ಎಂದು ತಾವು ಬಾಗಿಲು ತೆರೆದಿರಿ. ಶೌಚಾಲಯದ ಆ ಕಿರಿದಾದ ಕಪಾಟಿನಲ್ಲಿ ಅಪ್ಪನ ನಾಲ್ಕು ಪುಸ್ತಕಗಳಿದ್ದದ್ದು ನಿಜವಲ್ಲವೇ? ಅಮ್ಮ ಒದ್ದೆ ಬಟ್ಟೆಯ ಬಕೆಟ್ ನನ್ನ ಕೈಗಿತ್ತು, ಬಾಲ್ಕನಿಗೆ ತಳ್ಳಿ, ಒಳಗಿನಿಂದ ಚಿಲಕ ಹಾಕಿದಳು.

ಅಲ್ಲಿಂದ, ಗಾಜಿನ ಆಚೆಯಿಂದ, ನನ್ನ ಯೋಜನೆ ಹಾಳಾಗುವುದನ್ನು ನೋಡಿದೆ. ತಾವು ಒಳ್ಳೆಯವರು, ಅದೇ ತೊಂದರೆಯಾಯಿತು. ಎದುರು ಕೂರಿಸಿ ಪ್ರಶ್ನೆ ಕೇಳಿದರೆ ಮಗು ಹೆದರೀತು ಎಂದು ತಾವು ಪಕ್ಕದ ಕುರ್ಚಿ ತಟ್ಟಿ ಕರೆದಿರಿ. ಇರುವೆ ಬಂದು ಕುಳಿತಳು. ಪುಸ್ತಕ ಅವಳ ಮುಂದಿಟ್ಟಿರಿ. ಅವಳು ಅದನ್ನು ತಿರುಗಿಸಿದಳು. ತಾವು ನಕ್ಕು ಸರಿಮಾಡಿದಿರಿ. ಅವಳು ಮತ್ತೆ ತಿರುಗಿಸಿದಳು. ತಾವು ಮತ್ತೆ ಸರಿಮಾಡಿ, ಈ ಸಲ ಅಂಗೈ ಪುಸ್ತಕದ ಮೇಲಿಟ್ಟಿರಿ. ಮೂರನೆಯ ಸಲ ಅವಳು ನಿಮ್ಮ ಬೆರಳನ್ನು ಒಂದೊಂದಾಗಿ ಎತ್ತಲು ನೋಡಿದಳು. ನಾನು ಗಾಜು ಬಡಿದೆ. ಅಮ್ಮ ಕಣ್ಣಲ್ಲೇ ಗದರಿಸಿದಳು. ಅವಳ ಪ್ರಕಾರ ಅದು ನನ್ನ ನಾಲ್ಕನೆಯ ಚೇಷ್ಟೆ. ಆಮೇಲೆ ತಾವು ಅವಳ ಬೆನ್ನು ಸವರಿ ಕಳುಹಿಸಿದಿರಿ. ಅವಳು ಹೋಗಿ ತನ್ನ ಮಾಮೂಲಿ ಸ್ಟೂಲಿನ ಮೇಲೆ, ನಿಮ್ಮ ಎದುರಿಗೆ, ಕುಳಿತಳು. ತಾವು ಕಡತ ತೆರೆದು ಬರೆಯತೊಡಗಿದಿರಿ. ಅವಳು ಗುಂಡಿ ಡಬ್ಬಿ ತೆರೆಯಲಿಲ್ಲ. ನಿಮ್ಮ ಪೆನ್ನನ್ನೇ ನೋಡುತ್ತಿದ್ದಳು.

ಚಿಲಕ ತೆಗೆದ ಮೇಲೆ ನಾನು ಓಡಿಬಂದು ಕೂಗಿದ್ದು ತಮಗೆ ನೆನಪಿರಬೇಕು. "ಸರ್, ಪುಸ್ತಕ ತಿರುಗಿಸಿ ಕೊಡಿ! ಅವಳು ಉಲ್ಟಾ ಓದ್ತಾಳೆ!"

ತಾವು ಒಮ್ಮೆ ನನ್ನನ್ನು ನೋಡಿದಿರಿ, ಒಮ್ಮೆ ಗ್ರಂಥಾಲಯದ ಫಲಕವನ್ನು ನೋಡಿದಿರಿ. "ಸಾಕಮ್ಮ ತಾಯಿ," ಎಂದಿರಿ, "ಇವತ್ತಿಗೆ ನನಗೆ ಇಷ್ಟು ಸಾಕು." ಅಪ್ಪನೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಅವಳು ಒಮ್ಮೆ ಯಂತ್ರದ ಕುರ್ಚಿ ನೋಡಿದಳು, ಒಮ್ಮೆ ಎದುರಿನ ಸ್ಟೂಲು ನೋಡಿದಳು. ಸ್ಟೂಲು ಖಾಲಿಯಾಗಿತ್ತು. ಇರುವೆ ಮೇಜಿನ ಕೆಳಗೆ ಸೇರಿದ್ದಳು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ತಾವು ಶೂ ಕಟ್ಟಿಕೊಂಡು, ನಾಲ್ಕನೆಯ ಸಾಲು ಬರೆದುಕೊಂಡು, ಮೆಟ್ಟಿಲಿಳಿದಿದ್ದಿರಿ.

ನಾನು ಬಗ್ಗಿ ಮೇಜಿನ ಕೆಳಗೆ ನೋಡಿದೆ.

"ಅಕ್ಕಾ, ನಂಗೆ ಓದೋಕೆ ಬರಲ್ವಂತೆ."

"ಯಾರೇ ಹೇಳಿದ್ದು? ಅವ್ರು ಏನೂ ಹೇಳ್ಲಿಲ್ವಲ್ಲ."

"ಹೇಳ್ಲಿಲ್ಲ. ಬರೆದ್ರು. ನಾನು ಓದ್ದೆ."

ಮೂರೂ ಸಾಲು ಒಪ್ಪಿಸಿದಳು, ಒಂದು ಪದ ಬಿಡದೆ. ಅಮ್ಮ ಕತ್ತರಿ ಕೆಳಗಿಟ್ಟಳು. ಹನ್ನೊಂದು ದಿನ ಕಳೆದು, ವರದಿಯ ನಾಲ್ಕೂ ಸಾಲುಗಳನ್ನು ಎತ್ತಿ ಬರೆದಿದ್ದ ಆದೇಶ ಬಂದಾಗ ತಾಳೆ ನೋಡಿದೆವು, ಅವಳ ಮೂರು ಸಾಲಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಗೋಪ್ಯ ಎಂದು ಮುದ್ರೆ ಒತ್ತಿದ ತಮ್ಮ ವರದಿಯನ್ನು ಬಯಲು ಮಾಡಿದವರು ಯಾರೆಂದು ತಾವು ವಿಚಾರಣೆ ನಡೆಸುವುದಾದರೆ, ಆರೋಪಿ ಆ ವರದಿಯ ಪ್ರಕಾರವೇ ಅನಕ್ಷರಸ್ಥೆ ಎಂಬುದನ್ನು ಗಮನದಲ್ಲಿಡಿ.

ಇಷ್ಟಾದರೆ ನಗುವ ಕಥೆ. ನಾವೂ ನಗಲು ಹೊರಟಿದ್ದೆವು. ಆದರೆ ಆ ದಿನದಿಂದ ಇರುವೆ ಓದುವುದನ್ನು ನಿಲ್ಲಿಸಿದ್ದಾಳೆ. ಪುಸ್ತಕ ಹೇಗೆ ತಿರುಗಿಸಿ ಕೊಟ್ಟರೂ ಮುಟ್ಟುವುದಿಲ್ಲ. "ನೀನು ಓದಿದ್ದಕ್ಕೇ ತಾನೆ ನಿಂಗೆ ಅದು ಗೊತ್ತಾಗಿದ್ದು, ಪೆದ್ದೀ?" ಎಂದು ಪ್ರೊಫೆಸರ್ ಗಂಟೆಗಟ್ಟಲೆ ತರ್ಕ ಹೂಡಿದ. ಅವಳು ಎಲ್ಲ ಕೇಳಿಸಿಕೊಂಡು, "ಆದ್ರೆ ಬರೆದಾಗಿದೆಯಲ್ಲ" ಎಂದಳು. ಅಪ್ಪ ಮುದ್ದು ಮಾಡಿ ಹೇಳಿದರು. ಅಮ್ಮ ಅತ್ತೂ ಹೇಳಿದಳು. ಬಾಯಲ್ಲಿ ಹೇಳಿದ್ದನ್ನು ಅವಳು ನಂಬುವುದಿಲ್ಲ. ನಾನು ಚೀಟಿಯಲ್ಲಿ ಬರೆದು ಕೊಟ್ಟೆ. ಅಕ್ಷರ ನನ್ನದೆಂದು ಗುರುತು ಹಿಡಿದು ಮಡಚಿ ಹಿಂದಿರುಗಿಸಿದಳು. ನನ್ನ ಕೈಬರಹಕ್ಕೆ ಈ ಮನೆಯಲ್ಲಿರುವ ಮರ್ಯಾದೆ ಅಷ್ಟು.

ಅಮ್ಮ ನಿಮ್ಮ ಕಚೇರಿಗೂ ಹೋದಳು, ಜೊತೆಗೆ ನಾನೂ. ತಾವು ಪ್ರವಾಸದಲ್ಲಿದ್ದಿರಿ. ಕಿಟಕಿಯ ಹಿಂದಿನ ಗುಮಾಸ್ತರು ಮರುಪರಿಶೀಲನೆಯ ಅರ್ಜಿ ತೆಗೆದು ಪೂರ್ತಿ ನೋಡಿದರು. "ಕಾಯಿಲೆ ಅಂತಿದೆ, ಊರಲ್ಲಿ ಇರಲಿಲ್ಲ ಅಂತಿದೆ, ಭಾಷೆ ಬೇರೆ ಅಂತಿದೆ. ತಲೆಕೆಳಗೆ ಅಂತ ಒಂದು ಕಾಲಂ ಇಲ್ವಲ್ಲಮ್ಮ" ಎಂದರು. "ಇತರೆ ಅಂತ ಬರೀಬಹುದಾ?" ಎಂದು ಅಮ್ಮ ಕೇಳಿದಳು. "ಇತರೆ ಬರೆದ್ರೆ ಆರು ತಿಂಗಳು" ಎಂದರು. ಅವರ ತಪ್ಪೇನೂ ಇಲ್ಲ. ನಮಗಿರುವುದು ಹನ್ನೊಂದು ದಿನ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಆದೇಶ ರದ್ದು ಮಾಡಿ ಎಂದು ಮೊದಲು ಕೇಳುವುದಿಲ್ಲ, ಅದು ಆಮೇಲೆ. ಈ ಹನ್ನೊಂದು ದಿನದಲ್ಲಿ ಒಂದು ದಿನ ಮತ್ತೊಮ್ಮೆ ಬನ್ನಿ. ಅದೇ ಕಡತ, ಅದೇ ಪೆನ್ನು ತನ್ನಿ. ಕಿಟಕಿಯ ಬದಿಯಲ್ಲಿ ಕುಳಿತುಕೊಳ್ಳಿ; ದಯವಿಟ್ಟು ಒಳ್ಳೆಯತನ ತೋರಿಸಿ ಅವಳನ್ನು ಪಕ್ಕಕ್ಕೆ ಕರೆಯಬೇಡಿ. ಪರೀಕ್ಷೆ ಬೇಡ, ಪ್ರಶ್ನೆ ಬೇಡ. ಅವಳು ಎದುರು ಸ್ಟೂಲಿನ ಮೇಲೆ ಕುಳಿತಿರುತ್ತಾಳೆ. ತಾವು ಕಾಗದವನ್ನು ನಿಮ್ಮ ಕಡೆಗೇ ಇಟ್ಟುಕೊಂಡು, ಅವಳನ್ನು ನೋಡದೆ, ಅದೇ ದುಂಡಗಿನ ಅಕ್ಷರಗಳಲ್ಲಿ, ನಿಧಾನವಾಗಿ, ಒಂದು ಸಾಲು ಬರೆಯಿರಿ. ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ. ಹೇಳಿಕೊಟ್ಟು ಬರೆಸಿದ್ದನ್ನು ಅವಳು ಕಂಡುಹಿಡಿಯುತ್ತಾಳೆ. ಅವಳ ತುಟಿ ಅಲುಗಾಡುತ್ತದೆಯೇ ಎಂದು ಓರೆಗಣ್ಣಲ್ಲಿ ನೋಡಿಕೊಂಡು ಆಮೇಲೆ ತಮಗೆ ನಿಜವೆನಿಸಿದ್ದನ್ನು ಬರೆದರೆ ಸಾಕು. ಉಳಿದದ್ದನ್ನು ಅವಳೇ ಓದಿಕೊಳ್ಳುತ್ತಾಳೆ. ಪುಸ್ತಕವನ್ನು ನೇರ ಹಿಡಿಯುವುದನ್ನು ಎರಡು ತಿಂಗಳಲ್ಲಿ ಕಲಿಸುತ್ತೇನೆಂದು ಅಮ್ಮ ಮಾತು ಕೊಟ್ಟಿದ್ದಾಳೆ. ಸ್ಟೂಲನ್ನು ವಾರಕ್ಕೆ ಒಂದು ಗೇಣಿನಂತೆ ಮೇಜಿನ ಸುತ್ತ ಸರಿಸುವ ನಕ್ಷೆಯನ್ನು ಪ್ರೊಫೆಸರ್ ಸಿದ್ಧಪಡಿಸಿದ್ದಾನೆ. ಆದರೆ ಅದಕ್ಕೆ ಮೊದಲು ಅವಳು ಆ ಸ್ಟೂಲಿನ ಮೇಲೆ ಓದಲೆಂದು ಕೂರಬೇಕಲ್ಲ.

ನನ್ನ ಕಡೆಯಿಂದ ಷರತ್ತುಗಳೇನೂ ಇಲ್ಲ. ಗಂಟೆಯನ್ನು ಅಪ್ಪ ಬಿಚ್ಚಿದ್ದಾರೆ, ಭೇಟಿಗಾರರ ಪುಸ್ತಕ ಮುಚ್ಚಿದೆ, ಗ್ರಂಥಾಲಯ ಮತ್ತೆ ಶೌಚಾಲಯವಾಗಿದೆ. ತಾವು ಇರುವಷ್ಟು ಹೊತ್ತು ನಾನು ಬಕೆಟ್ ಸಮೇತ ಬಾಲ್ಕನಿಯಲ್ಲಿರುತ್ತೇನೆ. ಗಾಜು ಬಡಿಯುವುದಿಲ್ಲ. ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ಕಚೇರಿಯ ಸೂಚನಾ ಫಲಕಕ್ಕೂ ಅಂಟಿಸಿದ್ದೇನೆ. ನೇರವಾಗಿಯೇ ಅಂಟಿಸಿದ್ದೇನೆ, ಕೈ ತುರಿಸಿತು, ಆದರೂ.

ಇಂತಿ,
ತಮ್ಮ ವರದಿಯ ನಾಲ್ಕನೆಯ ಸಾಲಿನಲ್ಲಿ "ಹಿರಿಯ ಮಗಳ ಮಾತು ನಂಬತಕ್ಕದ್ದಲ್ಲ" ಎಂದು ದಾಖಲಾಗಿರುವ, ಆ ಒಂದು ಸಾಲಿನ ಬಗ್ಗೆ ಮಾತ್ರ ಯಾವ ತಕರಾರೂ ಇಲ್ಲದ, ಈ ಒಂದು ಸಲಕ್ಕೆ ಮಾತ್ರ ಅದನ್ನು ಮರೆಯಬೇಕೆಂದು ಕೇಳಿಕೊಳ್ಳುವ,
ಇರುವೆಯ ಅಕ್ಕ